ಕೊಬ್ಬು ರಕ್ತದಿಂದ ಹೊರಬೀಳುವ ದಾರಿ

ಮದುವೆ ಮನೆಯಲ್ಲಿ ಹೋಳಿಗೆಗೆ ತುಪ್ಪ ಸುರಿಸಿಕೊಂಡು ಉಂಡವರೊಬ್ಬರ ರಕ್ತವನ್ನು ನಾಲ್ಕು ತಾಸಿನ ನಂತರ ತೆಗೆದು, ಯಂತ್ರದಲ್ಲಿ ತಿರುಗಿಸಿ ಕೆಂಪು ಕಣಗಳನ್ನು ತಳಕ್ಕೆ ಇಳಿಸಿದರೆ, ಮೇಲೆ ನಿಲ್ಲುವ ಸೀರಂ ಮಸುಕಾಗಿರುತ್ತದೆ. ಅದೇ ವ್ಯಕ್ತಿಯ ರಕ್ತವನ್ನು ಮರುದಿನ ಬೆಳಿಗ್ಗೆ ಬರಿಹೊಟ್ಟೆಯಲ್ಲಿ ತೆಗೆದರೆ ಸೀರಂ ತಿಳಿ ಹಳದಿ. ಟ್ಯೂಬಿನ ಆಚೆ ಹಿಡಿದ ಬೆರಳು ಕಾಣುವಷ್ಟು ತಿಳಿ. ರಾಯಚೂರು, ಮಾನ್ವಿ, ದೇವದುರ್ಗದ ಲ್ಯಾಬುಗಳಲ್ಲಿ ಕೆಲಸ ಮಾಡುವವರಿಗೆ ಈ ವ್ಯತ್ಯಾಸ ಹೊಸದೇನಲ್ಲ. ಆದರೆ ರಾತ್ರಿ ಕಳೆಯುವಷ್ಟರಲ್ಲಿ ಆ ಕೊಬ್ಬು ಹೋದದ್ದೆಲ್ಲಿಗೆ? ಅದನ್ನು ತೆಗೆದವರು ಯಾರು? ಇಂದಿನ ಮಾತು ಆ ವಿಷಯದ ಮೇಲೆ.

ಈ ಭಾಗದ ವೈದ್ಯರ ಮುಂದೆ ಮತ್ತೆ ಮತ್ತೆ ಕೇಳಿಬರುವ ದೂರೊಂದಿದೆ: "ಎಣ್ಣಿ ಬಿಟ್ಟೀನ್ರಿ, ತತ್ತಿ ಬಿಟ್ಟೀನ್ರಿ, ತುಪ್ಪಂತೂ ಮುಟ್ಟಂಗೇ ಇಲ್ರಿ. ಆದ್ರೂ ರಿಪೋರ್ಟಿನ್ಯಾಗ ಕೊಲೆಸ್ಟರಾಲ್ ಇಳಿವಲ್ದು." ಹೀಗೆ ಹೇಳುವವರು ಕದ್ದು ತಿನ್ನುತ್ತಿದ್ದಾರೆಂದು ಮನೆಯವರು ಶಂಕಿಸುತ್ತಾರೆ. ಆ ಶಂಕೆ ಬಹಳ ಸಲ ಅನ್ಯಾಯದ್ದು. ರಕ್ತದಲ್ಲಿ ಕೊಬ್ಬಿನ ಮಟ್ಟ ಎಷ್ಟಿರಬೇಕೆಂಬುದು ಎರಡು ಲೆಕ್ಕಗಳ ಮೇಲೆ ನಿಂತಿದೆ. ಒಂದು, ಒಳಗೆ ಬರುವುದು. ಇನ್ನೊಂದು, ಹೊರಗೆ ಹೋಗುವುದು. ನಾವೆಲ್ಲ ಮೊದಲನೆಯದನ್ನು ಮಾತ್ರ ಎಣಿಸುತ್ತೇವೆ. ಎರಡನೆಯದು ನಮ್ಮ ಕಣ್ಣಿಗೆ ಬೀಳದೆ ಜೀವಕೋಶಗಳ ಮೈಮೇಲೆ ನಡೆಯುತ್ತದೆ, ಮತ್ತು ಅದರ ಶಕ್ತಿ ಬಹುಮಟ್ಟಿಗೆ ತಾಯಿತಂದೆಯರಿಂದ ಬಂದದ್ದು.

ಜೋಳದ ರೊಟ್ಟಿಯ ಜೊತೆ ಶೇಂಗಾ ಹಿಂಡಿ, ಗುರೆಳ್ಳು ಪುಡಿ, ಮೇಲೊಂದು ಚಮಚ ಎಣ್ಣೆ; ಸಂಜೆಗೆ ಸುಸಲಾ, ಮಿರ್ಚಿ ಬಜ್ಜಿ. ಇವುಗಳಲ್ಲಿರುವ ಕೊಬ್ಬು ಸಣ್ಣಕರುಳಿನ ಗೋಡೆಯವರೆಗೆ ಬಂದರೂ ನೇರವಾಗಿ ರಕ್ತಕ್ಕೆ ಇಳಿಯಲಾರದು. ರಕ್ತ ಬಹುಪಾಲು ನೀರು. ಕೊಬ್ಬು ನೀರಿನಲ್ಲಿ ಕರಗುವುದಿಲ್ಲ. ಅದಕ್ಕಾಗಿ ಕರುಳಿನ ಜೀವಕೋಶಗಳು ಕೊಬ್ಬನ್ನು ಸಣ್ಣ ಗೋಲಗಳಾಗಿ ಕಟ್ಟುತ್ತವೆ. ಒಳಗೆ ಟ್ರೈಗ್ಲಿಸರೈಡ್ ಮತ್ತು ಒಂದಿಷ್ಟು ಕೊಲೆಸ್ಟರಾಲ್, ಹೊರಗೆ ನೀರಿನೊಂದಿಗೆ ಹೊಂದಿಕೊಳ್ಳುವ ತೆಳು ಹೊದಿಕೆ, ಆ ಹೊದಿಕೆಯ ಮೇಲೆ ಕೆಲವು ಪ್ರೋಟೀನುಗಳು. ಈ ಗೋಲಕ್ಕೆ ಕೈಲೋಮೈಕ್ರಾನ್ ಎಂದು ಹೆಸರು. ಅದು ಮೊದಲು ಹಾಲ್ರಸದ, ಅಂದರೆ ಲಿಂಫಿನ, ನಾಳಗಳ ಮೂಲಕ ಎದೆಯ ಉದ್ದಕ್ಕೂ ಮೇಲೇರಿ, ಎಡಗಡೆ ಕುತ್ತಿಗೆಯ ಬುಡದಲ್ಲಿ ರಕ್ತಕ್ಕೆ ಸೇರುತ್ತದೆ. ಒಂದು ಮಿಲಿಮೀಟರಿನ ಸಾವಿರದಲ್ಲೊಂದು ಭಾಗದಷ್ಟು ದೊಡ್ಡ ಕೈಲೋಮೈಕ್ರಾನುಗಳೂ ಇರುತ್ತವೆ. ಇಷ್ಟು ಗಾತ್ರದ ಕಣ ಬೆಳಕನ್ನು ಚದುರಿಸುತ್ತದೆ. ಸೀರಂ ಹಾಲಿನಂತೆ ಕಾಣುವುದು ಅದರಿಂದ.

ಇಲ್ಲಿ ಒಂದು ಮಾತನ್ನು ಒತ್ತಿ ಹೇಳಬೇಕು. ಹೃದಯದ ರಕ್ತನಾಳಕ್ಕೆ ಕುತ್ತು ತರುವ ಎಲ್‌ಡಿಎಲ್ ಕಣ ಇದಕ್ಕಿಂತ ಎಷ್ಟೋ ಸಣ್ಣದು, ಅಡ್ಡಳತೆ ಸುಮಾರು 22 ನ್ಯಾನೊಮೀಟರ್. ಬೆಳಕನ್ನು ಚದುರಿಸುವ ಗಾತ್ರ ಅದಕ್ಕಿಲ್ಲ. ಆದ್ದರಿಂದ ಎಲ್‌ಡಿಎಲ್ ವಿಪರೀತ ಏರಿದವರ ಸೀರಂ ಕೂಡ ತಿಳಿಯಾಗಿಯೇ ಇರುತ್ತದೆ. ನೋಡಿದರೆ ಹೆದರಿಕೆ ಹುಟ್ಟಿಸುವ ಹಾಲಿನಂಥ ರಕ್ತ ಒಂದು ಕಾಯಿಲೆಯ ಗುರುತಾದರೆ, ನೋಡಲು ಏನೂ ದೋಷವಿಲ್ಲದ ರಕ್ತದಲ್ಲಿ ಇನ್ನೊಂದು ಕಾಯಿಲೆ ವರ್ಷಗಟ್ಟಲೆ ಕುಳಿತಿರಬಹುದು. ಎರಡಕ್ಕೂ ಕಾರಣ ಬೇರೆ, ರಕ್ತದಿಂದ ಹೊರಹೋಗುವ ದಾರಿ ಬೇರೆ.

ಮೊದಲು ಹಾಲಿನ ಬಣ್ಣದ ಕಥೆ. 1943ರಲ್ಲಿ ಅಮೆರಿಕದ ಪಾಲ್ ಹಾನ್ ಎಂಬ ವಿಜ್ಞಾನಿ ಕೊಬ್ಬಿನೂಟ ಮಾಡಿದ ನಾಯಿಗಳಿಗೆ, ರಕ್ತ ಹೆಪ್ಪುಗಟ್ಟದಂತೆ ತಡೆಯುವ ಹೆಪಾರಿನ್ ಎಂಬ ಔಷಧ ಕೊಟ್ಟರು. ಅವುಗಳ ರಕ್ತದ ಹಾಲುಬಣ್ಣ ಬೇಗ ಮಾಯವಾಯಿತು. ಹೆಪಾರಿನ್ ತಾನೇ ಕೊಬ್ಬನ್ನು ಕರಗಿಸುವ ವಸ್ತುವಲ್ಲ. ಹಾಗಾದರೆ ಕರಗಿಸಿದ್ದು ಯಾವುದು? 1955ರ ಹೊತ್ತಿಗೆ ಎಡ್ವರ್ಡ್ ಕಾರ್ನ್ ಅದನ್ನು ಗುರುತಿಸಿದರು: ಲಿಪೋಪ್ರೋಟೀನ್ ಲಿಪೇಸ್ ಎಂಬ ಕಿಣ್ವ. ಸ್ನಾಯು, ಹೃದಯ, ಕೊಬ್ಬಿನ ಅಂಗಾಂಶಗಳಲ್ಲಿ ಕೂದಲಿಗಿಂತ ಸಣ್ಣ ರಕ್ತನಾಳಗಳ ಒಳಗೋಡೆಗೆ ಈ ಕಿಣ್ವ ಅಂಟಿಕೊಂಡಿರುತ್ತದೆ. ಹೆಪಾರಿನ್ ಅದನ್ನು ಗೋಡೆಯಿಂದ ಬಿಡಿಸಿ ರಕ್ತಕ್ಕೆ ಇಳಿಸಿತ್ತು, ಅಷ್ಟೆ.

ಸಹಜ ಸ್ಥಿತಿಯಲ್ಲಿ ಕಿಣ್ವ ತನ್ನ ಜಾಗ ಬಿಡುವುದಿಲ್ಲ. ಕೈಲೋಮೈಕ್ರಾನೇ ಅದರ ಬಳಿಗೆ ಹರಿದು ಬರುತ್ತದೆ. ಗೋಲದ ಹೊದಿಕೆಯ ಮೇಲಿನ ಸಿ-2 ಎಂಬ ಪುಟ್ಟ ಪ್ರೋಟೀನು ಕಿಣ್ವವನ್ನು ಚುರುಕುಗೊಳಿಸುತ್ತದೆ. ಕಿಣ್ವ ಒಳಗಿನ ಟ್ರೈಗ್ಲಿಸರೈಡನ್ನು ಕತ್ತರಿಸುತ್ತದೆ. ಬಿಡುಗಡೆಯಾದ ಕೊಬ್ಬಿನಾಮ್ಲಗಳು ಪಕ್ಕದ ಸ್ನಾಯುವಿಗೆ ಹೋಗಿ ಉರಿಯುತ್ತವೆ, ಇಲ್ಲವೇ ಕೊಬ್ಬಿನ ಅಂಗಾಂಶದಲ್ಲಿ ಕೂಡಿಡಲ್ಪಡುತ್ತವೆ. ಗೋಲವೊಂದು ಹೀಗೆ ಬರಿದಾಗಲು ನಿಮಿಷಗಳು ಸಾಕು. ಹೊಲದಲ್ಲಿ ಹತ್ತಿ ಬಿಡಿಸುವವರ, ಸಸಿ ನಾಟುವವರ ದುಡಿಯುವ ಸ್ನಾಯುಗಳಲ್ಲಿ ಈ ಕಿಣ್ವ ಹೆಚ್ಚು. ದಿನವಿಡೀ ಕುರ್ಚಿಯಲ್ಲಿ ಕೂತವರಲ್ಲಿ ಕಡಿಮೆ. ಕೊಬ್ಬಿನ ಅಂಗಾಂಶದಲ್ಲಿ ಇದನ್ನು ಹೆಚ್ಚಿಸುವುದು ಇನ್ಸುಲಿನ್. ಸಕ್ಕರೆ ಕಾಯಿಲೆ ಹತೋಟಿ ತಪ್ಪಿದವರ ರಿಪೋರ್ಟಿನಲ್ಲಿ ಸಕ್ಕರೆಯ ಜೊತೆ ಟ್ರೈಗ್ಲಿಸರೈಡೂ ಏರಿರುವುದಕ್ಕೆ ಇದು ಮುಖ್ಯ ಕಾರಣಗಳಲ್ಲೊಂದು. ಅಂಥವರಲ್ಲಿ ಸಕ್ಕರೆ ಹತೋಟಿಗೆ ಬಂದರೆ ಟ್ರೈಗ್ಲಿಸರೈಡೂ ಜೊತೆಗೇ ಇಳಿಯುತ್ತದೆ.

ಹುಟ್ಟಿನಿಂದಲೇ ಈ ಕಿಣ್ವ ಇಲ್ಲದವರು ಬಹಳ ವಿರಳ, ಹತ್ತು ಲಕ್ಷಕ್ಕೆ ಒಬ್ಬರ ಲೆಕ್ಕ. ಅವರ ರಕ್ತ ಉಪವಾಸವಿದ್ದರೂ ಹಾಲಿನಂತೆ. ಅವರಿಗೆ ದೊಡ್ಡ ಅಪಾಯ ಹೃದಯದ್ದಲ್ಲ, ಮೇದೋಜೀರಕ ಗ್ರಂಥಿಯ ಉರಿಯೂತದ್ದು. ಕಿಣ್ವ ಇದ್ದವರಲ್ಲೂ ಕುಡಿತ ಮತ್ತು ಹತೋಟಿ ತಪ್ಪಿದ ಸಕ್ಕರೆ ಒಟ್ಟಾದಾಗ ಟ್ರೈಗ್ಲಿಸರೈಡ್ 1,000 ದಾಟಬಹುದು. ಆಗ ಬೆನ್ನಿಗೆ ಹಾಯುವ ಹೊಟ್ಟೆನೋವು ಬಂದರೆ ತಡಮಾಡದೆ ಆಸ್ಪತ್ರೆಗೆ ಹೋಗಬೇಕು.

ಕಿಣ್ವದ ಕೆಲಸ ಮುಗಿದ ಮೇಲೆ ಉಳಿಯುವುದು ಕುಗ್ಗಿದ ಗೋಲ. ಟ್ರೈಗ್ಲಿಸರೈಡ್ ಬಹುಪಾಲು ಹೋಗಿರುತ್ತದೆ, ಕೊಲೆಸ್ಟರಾಲ್ ಮಾತ್ರ ಒಳಗೇ ಉಳಿದಿರುತ್ತದೆ. ಈ ಶೇಷವನ್ನು ತೆಗೆಯುವ ಹೊಣೆ ಯಕೃತ್ತಿನದು, ಅಂದರೆ ಲಿವರಿನದು. ಆದರೆ ಲಕ್ಷಾಂತರ ಕಣಗಳು ಹರಿಯುವ ರಕ್ತದಲ್ಲಿ ಯಾವುದು ಖಾಲಿಯಾದ ಕಣ, ಯಾವುದು ತುಂಬಿದ್ದು ಎಂದು ಯಕೃತ್ತಿಗೆ ತಿಳಿಯುವುದು ಹೇಗೆ? ರಾಯಚೂರಿನ ಎಪಿಎಂಸಿಗೆ ಹತ್ತಿ ತಂದ ಲಾರಿ ಸರಕು ಇಳಿಸಿ ಹೊರಡುವಾಗ ಗೇಟಿನಲ್ಲಿ ಚೀಟಿ ತೋರಿಸುವ ಹಾಗೆ, ಈ ಶೇಷದ ಮೈಮೇಲೆಯೂ ಒಂದು ಗುರುತು ಇರುತ್ತದೆ. ಅದು ಅಪೊ-ಇ ಎಂಬ ಪ್ರೋಟೀನು, 299 ಅಮೈನೊ ಆಮ್ಲಗಳ ಸರಪಳಿ. ಗೋಲ ಕುಗ್ಗಿದಂತೆ ಸಿ-2 ಕಳಚಿ ಹೋಗುತ್ತದೆ, ಅಪೊ-ಇ ಎದ್ದು ಕಾಣುತ್ತದೆ. ಯಕೃತ್ತಿನ ಜೀವಕೋಶದ ಹೊರಮೈಯಲ್ಲಿರುವ ಗ್ರಾಹಕಗಳು, ಅಂದರೆ ರಿಸೆಪ್ಟರುಗಳು, ಅದನ್ನು ಹಿಡಿದು ಒಳಕ್ಕೆ ಎಳೆದುಕೊಳ್ಳುತ್ತವೆ.

ಈ ಗುರುತಿನಲ್ಲಿ ಒಂದೇ ಒಂದು ಅಕ್ಷರ ತಪ್ಪಿದರೂ ಏನಾಗುತ್ತದೆಂಬುದನ್ನು ಅಮೆರಿಕದ ರಾಬರ್ಟ್ ಮಾಹ್ಲಿ ಮತ್ತು ಸಂಗಡಿಗರು ತೋರಿಸಿಕೊಟ್ಟರು. ಅಪೊ-ಇ ಎಲ್ಲರಲ್ಲೂ ಒಂದೇ ಬಗೆಯದಲ್ಲ. ಇ-2, ಇ-3, ಇ-4 ಎಂಬ ಮೂರು ಮುಖ್ಯ ಬಗೆಗಳಿವೆ. ಇ-2ರಲ್ಲಿ 158ನೇ ಸ್ಥಾನದಲ್ಲಿ ಆರ್ಜಿನಿನ್ ಇರಬೇಕಾದಲ್ಲಿ ಸಿಸ್ಟೀನ್ ಇದೆ. ಅಷ್ಟಕ್ಕೇ ಅದು ಎಲ್‌ಡಿಎಲ್ ಗ್ರಾಹಕಕ್ಕೆ ಅಂಟುವ ಶಕ್ತಿ ಸಾಮಾನ್ಯದ ನೂರರಲ್ಲಿ ಎರಡು ಪಾಲಿಗಿಂತಲೂ ಕಡಿಮೆಯಾಗುತ್ತದೆ. ತಾಯಿತಂದೆ ಇಬ್ಬರಿಂದಲೂ ಇ-2 ಪಡೆದವರಲ್ಲಿ ಬಹುತೇಕರಿಗೆ ಏನೂ ಆಗದು, ಏಕೆಂದರೆ ಯಕೃತ್ತಿಗೆ ಬೇರೆ ಗ್ರಾಹಕಗಳ ಆಸರೆಯೂ ಇದೆ. ಆದರೆ ಅವರಿಗೆ ಬೊಜ್ಜೋ, ಸಕ್ಕರೆ ಕಾಯಿಲೆಯೋ, ಥೈರಾಯ್ಡ್ ಕೊರತೆಯೋ ಸೇರಿದರೆ ಶೇಷಕಣಗಳು ರಕ್ತದಲ್ಲಿ ರಾಶಿ ಬೀಳುತ್ತವೆ. ಕೆಲವರ ಅಂಗೈ ರೇಖೆಗಳು ಹಳದಿಗೆ ತಿರುಗುತ್ತವೆ. ಹಸ್ತರೇಖೆಯ ಈ ಹಳದಿ ಈ ಕಾಯಿಲೆಯ ವಿಶೇಷ ಲಕ್ಷಣ. ಒಮ್ಮೆ ಕೇಳಿದವರು ಇದನ್ನು ಮರೆಯದಿರಲಿ.

ಊಟದ ಕೊಬ್ಬಿನ ಮಾತು ಇಲ್ಲಿಗೆ ಮುಗಿಯಿತು. ಆದರೆ ಯಕೃತ್ತು ತಾನೂ ಕೊಬ್ಬಿನ ಕಣಗಳನ್ನು ತಯಾರಿಸಿ ರಕ್ತಕ್ಕೆ ಬಿಡುತ್ತದೆ. ಅವಕ್ಕೆ ವಿಎಲ್‌ಡಿಎಲ್ ಎಂದು ಹೆಸರು. ಅದಕ್ಕೆ ಬೇಕಾದ ಕೊಬ್ಬನ್ನು ಯಕೃತ್ತು ಎಣ್ಣೆಯಿಂದ ಮಾತ್ರವಲ್ಲ, ಮಿತಿಮೀರಿದ ಪಿಷ್ಟ ಮತ್ತು ಸಕ್ಕರೆಯಿಂದಲೂ ತಯಾರಿಸಿಕೊಳ್ಳುತ್ತದೆ. ತುಂಗಭದ್ರಾ ಎಡದಂಡೆ ಕಾಲುವೆ ಬಂದ ಮೇಲೆ ಮಾನ್ವಿ ಭಾಗದಲ್ಲಿ ಭತ್ತದ ಗದ್ದೆಗಳು ಹರಡಿದವು. ನಾರಾಯಣಪುರ ಬಲದಂಡೆ ಕಾಲುವೆ ದೇವದುರ್ಗದ ಹೊಲಗಳಿಗೂ ನೀರು ತಂದಿತು. ಜೋಳ ಉಣ್ಣುತ್ತಿದ್ದ ಮನೆಗಳಲ್ಲಿ ದಿನಕ್ಕೆರಡು ಹೊತ್ತು ಸೋನಾ ಮಸೂರಿ ಅನ್ನ ರೂಢಿಯಾಯಿತು. ಅನ್ನ ವಿಷವಲ್ಲ. ಆದರೆ ಮೈದುಡಿತ ಕಡಿಮೆಯಾಗಿ ತಟ್ಟೆಯ ಅನ್ನ ಮಾತ್ರ ಅಷ್ಟೇ ಉಳಿದರೆ ಹೆಚ್ಚಿನದು ಯಕೃತ್ತಿನಲ್ಲಿ ಕೊಬ್ಬಾಗಿ ವಿಎಲ್‌ಡಿಎಲ್ ರೂಪದಲ್ಲಿ ರಕ್ತಕ್ಕೆ ಬರುತ್ತದೆ. ನೆರೆಯ ತಮಿಳುನಾಡು, ಮಹಾರಾಷ್ಟ್ರ ಸೇರಿದಂತೆ ದೇಶದ ನಾಲ್ಕು ಕಡೆ ಐಸಿಎಂಆರ್-ಇಂಡಿಯಾಬ್ ಸಮೀಕ್ಷೆ ನಡೆದು 2014ರಲ್ಲಿ ಪ್ರಕಟವಾದ ವರದಿಯಲ್ಲಿ, ನೂರಕ್ಕೆ ಸುಮಾರು ಮೂವತ್ತು ಮಂದಿಗೆ ಟ್ರೈಗ್ಲಿಸರೈಡ್ ಹೆಚ್ಚು, ಎಪ್ಪತ್ತಕ್ಕೂ ಹೆಚ್ಚು ಮಂದಿಗೆ ‘ಒಳ್ಳೆಯ ಕೊಲೆಸ್ಟರಾಲ್’ ಎನ್ನಲಾಗುವ ಎಚ್‌ಡಿಎಲ್ ಕಡಿಮೆ ಎಂದು ಕಂಡುಬಂತು. ಎಣ್ಣೆ ಬಿಟ್ಟೆ ಎನ್ನುವವರು ಅನ್ನದ ಕಡೆಗೂ ಒಮ್ಮೆ ನೋಡಬೇಕು.

ವಿಎಲ್‌ಡಿಎಲ್ ಕೂಡ ಅದೇ ಕಿಣ್ವದ ಕೈಗೆ ಸಿಕ್ಕು ಕುಗ್ಗುತ್ತದೆ. ಕುಗ್ಗಿದ್ದರಲ್ಲಿ ಒಂದು ಪಾಲನ್ನು ಯಕೃತ್ತು ಎಳೆದುಕೊಳ್ಳುತ್ತದೆ, ಉಳಿದದ್ದು ಇನ್ನೂ ಸವೆದು ಎಲ್‌ಡಿಎಲ್ ಆಗುತ್ತದೆ. ಒಂದು ಎಲ್‌ಡಿಎಲ್ ಕಣದ ಒಡಲಲ್ಲಿ ಸುಮಾರು 1,500 ಕೊಲೆಸ್ಟರಾಲ್ ಎಸ್ಟರ್ ಅಣುಗಳು. ಅದರ ಸುತ್ತ ಒಂದೇ ಒಂದು ಉದ್ದದ ಪ್ರೋಟೀನು, ಅಪೊ-ಬಿ 100. ಅದರಲ್ಲಿ 4,536 ಅಮೈನೊ ಆಮ್ಲಗಳಿವೆ. ಕರುಳಿನಲ್ಲಿ ತಯಾರಾಗುವ ಕೈಲೋಮೈಕ್ರಾನಿನ ಮೇಲೂ ಇದೇ ಜೀನಿನ ಪ್ರೋಟೀನು ಇರುತ್ತದೆ, ಆದರೆ ಮೊದಲ ನೂರರಲ್ಲಿ ನಲವತ್ತೆಂಟು ಪಾಲಿನಷ್ಟು ಮಾತ್ರ. ಗ್ರಾಹಕ ಗುರುತಿಸುವ ಭಾಗ ಉಳಿದರ್ಧದಲ್ಲಿದೆ. ಕರುಳಿನ ಕಣ ಅಪೊ-ಇಯನ್ನೇ ನೆಚ್ಚಬೇಕಾಗಿ ಬಂದಿರುವುದು ಈ ಕಾರಣಕ್ಕೆ.

ಎಲ್‌ಡಿಎಲ್ ಗುರುತಿಸುವ ಗ್ರಾಹಕ ಇದೆಯೆಂಬುದೇ 1970ರ ದಶಕದವರೆಗೆ ಯಾರಿಗೂ ಗೊತ್ತಿರಲಿಲ್ಲ. ಮೈಕೆಲ್ ಬ್ರೌನ್ ಮತ್ತು ಜೋಸೆಫ್ ಗೋಲ್ಡ್‌ಸ್ಟೀನ್ ಎಂಬ ಇಬ್ಬರು ಯುವ ವೈದ್ಯರು ಬಾಸ್ಟನ್ನಿನ ಆಸ್ಪತ್ರೆಯಲ್ಲಿ ಜೊತೆಗೂಡಿ ತರಬೇತಿ ಪಡೆದವರು. ಮುಂದೆ ಟೆಕ್ಸಾಸಿನ ಡಲ್ಲಾಸ್ ನಗರದಲ್ಲಿ ಒಂದೇ ಪ್ರಯೋಗಾಲಯ ನಡೆಸಿದರು. ಅವರ ಗಮನ ಸೆಳೆದದ್ದು ಹತ್ತು ವರ್ಷ ತುಂಬುವ ಮೊದಲೇ ಹೃದಯಾಘಾತಕ್ಕೆ ತುತ್ತಾಗುವ ಮಕ್ಕಳು. ಅವರ ಕೊಲೆಸ್ಟರಾಲ್ ಸಾಮಾನ್ಯರ ಆರೇಳು ಪಟ್ಟು. ಅದಕ್ಕೆ ಊಟ ಕಾರಣವಾಗಿರಲು ಸಾಧ್ಯವಿರಲಿಲ್ಲ. ಬ್ರೌನ್ ಮತ್ತು ಗೋಲ್ಡ್‌ಸ್ಟೀನ್ ಆ ರೋಗಿಗಳ ಚರ್ಮದ ಸಣ್ಣ ತುಣುಕಿನಿಂದ ಜೀವಕೋಶಗಳನ್ನು ಗಾಜಿನ ತಟ್ಟೆಯಲ್ಲಿ ಬೆಳೆಸಿದರು.

ಆರೋಗ್ಯವಂತರ ಜೀವಕೋಶಗಳಿಗೆ ಎಲ್‌ಡಿಎಲ್ ಕೊಟ್ಟರೆ ಅವು ತಾವೇ ಕೊಲೆಸ್ಟರಾಲ್ ತಯಾರಿಸುವುದನ್ನು ನಿಲ್ಲಿಸಿದವು. ರೋಗಿಗಳ ಜೀವಕೋಶಗಳು ಎಷ್ಟು ಎಲ್‌ಡಿಎಲ್ ಸುರಿದರೂ ನಿಲ್ಲಿಸಲಿಲ್ಲ. ತಯಾರಿಕೆಯ ಯಂತ್ರವೇ ಕೆಟ್ಟಿದೆಯೋ ಏನೋ ಎಂಬ ಅನುಮಾನ ಬಂತು. ಅದನ್ನು ಬಗೆಹರಿಸಲು ಎಲ್‌ಡಿಎಲ್ ಬದಲು ಬರಿ ಕೊಲೆಸ್ಟರಾಲನ್ನು ಆಲ್ಕೋಹಾಲಿನಲ್ಲಿ ಕರಗಿಸಿ ಹಾಕಿದರು. ಆಗ ರೋಗಿಗಳ ಜೀವಕೋಶಗಳೂ ತಯಾರಿಕೆ ನಿಲ್ಲಿಸಿದವು. ಅಂದರೆ ಯಂತ್ರ ಸರಿಯಾಗಿಯೇ ಇತ್ತು, ಎಲ್‌ಡಿಎಲ್ ಒಳಗೆ ಬರಲಾಗುತ್ತಿರಲಿಲ್ಲ. ಮುಂದೆ ವಿಕಿರಣಶೀಲ ಅಯೋಡಿನ್ ಅಂಟಿಸಿದ ಎಲ್‌ಡಿಎಲ್ ಬಳಸಿ ನೋಡಿದಾಗ, ಆರೋಗ್ಯವಂತ ಜೀವಕೋಶದ ಮೈಗೆ ಅದು ಗಟ್ಟಿಯಾಗಿ ಅಂಟಿತು. ರೋಗಿಯ ಜೀವಕೋಶಕ್ಕೆ ಅಂಟಲೇ ಇಲ್ಲ. ಹಿಡಿಯುವ ಗ್ರಾಹಕವೇ ಅಲ್ಲಿರಲಿಲ್ಲ. ಸರಳವಾದ, ಎಷ್ಟು ಮೆಚ್ಚಿದರೂ ಸಾಲದ ಪ್ರಯೋಗ. 1985ರಲ್ಲಿ ಇಬ್ಬರಿಗೂ ನೊಬೆಲ್ ಬಂತು.

ಗುರುತಿಸುವಿಕೆ ಎಂಬುದು ರಸಾಯನದ ಮಟ್ಟದಲ್ಲಿ ವಿದ್ಯುದಂಶಗಳ ಸೆಳೆತ. ಅಪೊ-ಬಿ ಮತ್ತು ಅಪೊ-ಇ ಎರಡರಲ್ಲೂ ಲೈಸಿನ್, ಆರ್ಜಿನಿನ್ ಗುಂಪುಗೂಡಿರುವ ಜಾಗವೊಂದಿದೆ. ಅವು ಧನ ವಿದ್ಯುದಂಶದವು. ಗ್ರಾಹಕದ ಹೊರತುದಿಯಲ್ಲಿ ಋಣ ವಿದ್ಯುದಂಶದ ಅಮೈನೊ ಆಮ್ಲಗಳಿವೆ, ಅವುಗಳ ಆಕಾರವನ್ನು ಕ್ಯಾಲ್ಸಿಯಂ ಹಿಡಿದು ನಿಲ್ಲಿಸುತ್ತದೆ. ಎರಡೂ ಕೂಡಿಕೊಂಡಾಗ ಜೀವಕೋಶದ ಹೊರಪೊರೆ ಅಲ್ಲಿ ಕುಳಿ ಬಿದ್ದು, ಕುಳಿ ಚೀಲವಾಗಿ, ಚೀಲ ಒಳಗೆ ಕಳಚಿಕೊಳ್ಳುತ್ತದೆ. ಒಳಗೆ ಹೋದಂತೆ ಚೀಲದಲ್ಲಿ ಆಮ್ಲ ಹೆಚ್ಚುತ್ತದೆ. ಆಮ್ಲಕ್ಕೆ ಗ್ರಾಹಕ ತನ್ನ ಮೇಲೆ ತಾನೇ ಮಡಚಿಕೊಂಡು ಎಲ್‌ಡಿಎಲ್‌ನ ಹಿಡಿತ ಬಿಡುತ್ತದೆ. 2002ರಲ್ಲಿ ಡಲ್ಲಾಸಿನವರೇ ಸ್ಫಟಿಕ ರಚನೆಯ ಮೂಲಕ ಈ ಮಡಚುವಿಕೆಯನ್ನು ಕಂಡರು. ಎಲ್‌ಡಿಎಲ್ ಜೀರ್ಣವಾಗಿ ಕೊಲೆಸ್ಟರಾಲ್ ಬಿಡುಗಡೆಯಾಗುತ್ತದೆ. ಗ್ರಾಹಕ ಮತ್ತೆ ಮೇಲಕ್ಕೆ ಬಂದು ಇನ್ನೊಂದು ಕಣಕ್ಕೆ ಸಿದ್ಧವಾಗುತ್ತದೆ. ಒಂದು ಸುತ್ತಿಗೆ ಸುಮಾರು ಹತ್ತು ನಿಮಿಷ, ಇಪ್ಪತ್ತು ತಾಸಿನ ಆಯುಸ್ಸಿನಲ್ಲಿ ನೂರಕ್ಕೂ ಹೆಚ್ಚು ಸುತ್ತು.

ಜೀವಕೋಶಕ್ಕೆ ಕೊಲೆಸ್ಟರಾಲ್ ಸಾಕಾದಾಗ ಗ್ರಾಹಕಗಳ ತಯಾರಿ ಕಡಿಮೆಯಾಗುತ್ತದೆ, ಕೊರತೆಯಾದಾಗ ಹೆಚ್ಚುತ್ತದೆ. ಈ ಒಂದು ನಿಯಮ ಗೊತ್ತಿದ್ದರೆ ವೈದ್ಯರು ಹೇಳುವ ಎಷ್ಟೋ ಮಾತುಗಳಿಗೆ ಅರ್ಥ ಬರುತ್ತದೆ. ವನಸ್ಪತಿ, ಪಾಮೆಣ್ಣೆಗಳಲ್ಲಿ ಹೇರಳವಾಗಿರುವ ಸ್ಯಾಚುರೇಟೆಡ್ ಕೊಬ್ಬು ಯಕೃತ್ತಿನ ಗ್ರಾಹಕಗಳನ್ನು ತಗ್ಗಿಸುತ್ತದೆ. ಈ ಸೀಮೆಯ ಹಳೆಯ ಕುಸುಬೆ ಎಣ್ಣೆ, ಶೇಂಗಾ ಎಣ್ಣೆಗಳಲ್ಲಿ ಆ ಬಗೆಯ ಕೊಬ್ಬು ಕಡಿಮೆ. ಥೈರಾಯ್ಡ್ ಹಾರ್ಮೋನು ಗ್ರಾಹಕಗಳನ್ನು ಹೆಚ್ಚಿಸುತ್ತದೆ. ಥೈರಾಯ್ಡ್ ಕುಗ್ಗಿದ ಹೆಣ್ಣುಮಗಳ ಎಲ್‌ಡಿಎಲ್ ಏರುವುದು ಆಕೆ ತಿಂದದ್ದರಿಂದಲ್ಲ.

ಇನ್ನು ಮನೆತನದ ಮಾತು. ಎಲ್‌ಡಿಎಲ್ ಗ್ರಾಹಕದ ಜೀನು 19ನೇ ವರ್ಣತಂತುವಿನಲ್ಲಿದೆ. ಪ್ರತಿಯೊಬ್ಬರಲ್ಲೂ ಅದರ ಎರಡು ಪ್ರತಿಗಳು, ತಾಯಿಯಿಂದ ಒಂದು, ತಂದೆಯಿಂದ ಒಂದು. ಒಂದು ಕೆಟ್ಟರೆ ಗ್ರಾಹಕಗಳು ಅರ್ಧಕ್ಕಿಳಿಯುತ್ತವೆ, ಎಲ್‌ಡಿಎಲ್ ಹುಟ್ಟಿನಿಂದಲೇ ಎರಡು ಪಟ್ಟಿನಷ್ಟು. ಜಗತ್ತಿನಲ್ಲಿ ಸುಮಾರು 300 ಜನರಿಗೆ ಒಬ್ಬರು ಹೀಗಿದ್ದಾರೆ. 2011ರ ಜನಗಣತಿಯಲ್ಲಿ ರಾಯಚೂರು ಜಿಲ್ಲೆಯ ಜನಸಂಖ್ಯೆ 19 ಲಕ್ಷ ದಾಟಿತ್ತು. ಅದೇ ಪ್ರಮಾಣ ಇಲ್ಲಿಗೂ ಹಿಡಿದರೆ ಆರು ಸಾವಿರಕ್ಕೂ ಹೆಚ್ಚು ಜನ. ಚಿಕಿತ್ಸೆ ಇಲ್ಲದಿದ್ದರೆ ಇಂಥ ಗಂಡಸರಲ್ಲಿ ಅರ್ಧದಷ್ಟು ಮಂದಿಗೆ ಐವತ್ತರೊಳಗೆ ಹೃದಯದ ಕಾಯಿಲೆ ಬರುತ್ತದೆ. "ಅವರ ಮನಿತನದಾಗ ಗಂಡಸರು ಬಾಳ ದಿನ ಬಾಳಂಗಿಲ್ಲ" ಎಂದು ಊರು ಹಣೆಬರಹದ ಮೇಲೆ ಹಾಕುವ ಸಾವುಗಳಲ್ಲಿ ಕೆಲವಕ್ಕೆ ಮೂಲ ಇಲ್ಲಿರಬಹುದು.

ಎರಡೂ ಪ್ರತಿ ಕೆಟ್ಟ ಮಕ್ಕಳ ಸ್ಥಿತಿ ಘೋರ. ಮೊಣಕೈ, ಮೊಣಕಾಲು, ಕುಂಡಿ, ಬೆರಳ ಸಂದಿಯಲ್ಲಿ ಹಳದಿ ಗಂಟುಗಳು ಏಳುತ್ತವೆ. ಎಲ್‌ಡಿಎಲ್ 500 ದಾಟಬಹುದು. ಟೆಕ್ಸಾಸಿನ ಸ್ಟಾರ್ಮಿ ಜೋನ್ಸ್ ಎಂಬ ಆರು ವರ್ಷದ ಹುಡುಗಿಗೆ 1984ರಲ್ಲಿ ಪಿಟ್ಸ್‌ಬರ್ಗಿನಲ್ಲಿ ಥಾಮಸ್ ಸ್ಟಾರ್ಜ್ಲ್ ತಂಡ ಹೃದಯ ಮತ್ತು ಯಕೃತ್ತು ಎರಡನ್ನೂ ಕಸಿ ಮಾಡಿತು. ಸಾವಿರ ದಾಟಿದ್ದ ಕೊಲೆಸ್ಟರಾಲ್ ಮುನ್ನೂರರ ಆಸುಪಾಸಿಗೆ ಇಳಿಯಿತು. ಹೊಸ ಯಕೃತ್ತಿನ ಗ್ರಾಹಕಗಳು ಆ ಮಗುವಿನ ರಕ್ತವನ್ನು ತೊಳೆಯತೊಡಗಿದ್ದವು. ಅವಳು ಇನ್ನೂ ಆರು ವರ್ಷ ಬದುಕಿದಳು.

ನಮ್ಮ ಕಡೆ ಇದು ಏಕೆ ಹೆಚ್ಚು ಮುಖ್ಯವೆಂದರೆ, ಅಕ್ಕನ ಮಗಳನ್ನು ತರುವುದು, ಸೋದರತ್ತೆಯ ಮನೆಗೆ ಕೊಡುವುದು ಇನ್ನೂ ನಡೆದಿದೆ. 2019–21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯ ಪ್ರಕಾರ ಕರ್ನಾಟಕದ ಮದುವೆಗಳಲ್ಲಿ ನಾಲ್ಕರಲ್ಲೊಂದಕ್ಕಿಂತ ಹೆಚ್ಚು ರಕ್ತಸಂಬಂಧದೊಳಗಿನವು. ಒಂದು ಮನೆಯ ಅಜ್ಜಿಯಲ್ಲಿ ಕೆಟ್ಟ ಪ್ರತಿ ಒಂದಿದೆ ಎನ್ನೋಣ. ಅದು ಮಗನಿಗೆ ಬರುವ ಸಾಧ್ಯತೆ ಎರಡರಲ್ಲೊಂದು; ಮಗಳ ಮೂಲಕ ಮೊಮ್ಮಗಳಿಗೆ ಬರುವ ಸಾಧ್ಯತೆ ನಾಲ್ಕರಲ್ಲೊಂದು. ಆ ಮಗನಿಗೂ ಮೊಮ್ಮಗಳಿಗೂ ಮದುವೆಯಾದರೆ ಇಬ್ಬರಲ್ಲೂ ಅದೇ ದೋಷ ಇರುವ ಸಾಧ್ಯತೆ ಎಂಟರಲ್ಲೊಂದು. ಇಬ್ಬರಲ್ಲೂ ಇದ್ದರೆ ಅವರ ಪ್ರತಿ ಮಗುವಿಗೂ ಎರಡೂ ಪ್ರತಿ ಕೆಟ್ಟಿರುವ ಸಾಧ್ಯತೆ ನಾಲ್ಕರಲ್ಲೊಂದು. ಹೊರಗಿನ ಹೆಣ್ಣು ತಂದಿದ್ದರೆ ಆಕೆಯಲ್ಲೂ ದೋಷ ಇರುವ ಸಾಧ್ಯತೆ 300ರಲ್ಲೊಂದು ಮಾತ್ರ. ಸಂಬಂಧದೊಳಗಿನ ಮದುವೆ ದೋಷವನ್ನು ಹುಟ್ಟಿಸುವುದಿಲ್ಲ. ಮನೆಯಲ್ಲಿ ಮೊದಲೇ ಇದ್ದದ್ದನ್ನು ಒಂದೇ ಮಗುವಿನಲ್ಲಿ ಕೂಡಿಸುತ್ತದೆ. ಆದ್ದರಿಂದ ಮಾತುಕತೆಗೆ ಮುಂಚೆ ಎರಡೂ ಕಡೆಯವರ ಕೊಲೆಸ್ಟರಾಲ್ ಒಮ್ಮೆ ನೋಡಿಸುವುದು ಯಾರಿಗೂ ಅವಮಾನವಲ್ಲ.

ಇದಕ್ಕೆ ಮದ್ದಿದೆ ಎಂಬುದು ಸಮಾಧಾನದ ಸಂಗತಿ. ಜಪಾನಿನ ಅಕಿರಾ ಎಂಡೊ ಸಾವಿರಾರು ಬೂಷ್ಟುಗಳನ್ನು ಪರೀಕ್ಷಿಸಿ 1973ರಲ್ಲಿ ಮೊದಲ ಸ್ಟಾಟಿನ್ ಕಂಡುಹಿಡಿದರು. ಆ ಬೂಷ್ಟು ಸಿಕ್ಕಿದ್ದು ಕ್ಯೋಟೋ ನಗರದ ಧಾನ್ಯದಂಗಡಿಯ ಅಕ್ಕಿಯಲ್ಲಿ. ಭತ್ತದ ನಾಡಿನವರಿಗೆ ಇದು ನೆನಪಿರಬೇಕಾದ ವಿಷಯ. ಸ್ಟಾಟಿನ್ ರಕ್ತಕ್ಕೆ ಇಳಿದು ಕೊಬ್ಬನ್ನು ಕರಗಿಸುವುದಿಲ್ಲ. ಯಕೃತ್ತಿನೊಳಗೆ ಕೊಲೆಸ್ಟರಾಲ್ ತಯಾರಿಯನ್ನು ತಡೆಯುತ್ತದೆ. ಕೊರತೆ ಬಿದ್ದ ಯಕೃತ್ತು ಹೆಚ್ಚು ಗ್ರಾಹಕಗಳನ್ನು ಹೊರಮೈಗೆ ಕಳಿಸಿ ರಕ್ತದಿಂದ ಎಲ್‌ಡಿಎಲ್ ಸೆಳೆದುಕೊಳ್ಳುತ್ತದೆ. ಮಾತ್ರೆ ನಿಲ್ಲಿಸಿದರೆ ಕೊರತೆ ನಿಂತಿತು, ಹೆಚ್ಚಿನ ಗ್ರಾಹಕಗಳೂ ಹೋದವು. ಕೆಲವೇ ವಾರಗಳಲ್ಲಿ ಎಲ್‌ಡಿಎಲ್ ಹಳೆಯ ಮಟ್ಟಕ್ಕೆ ಬರುತ್ತದೆ. "ರಿಪೋರ್ಟ್ ನಾರ್ಮಲ್ ಬಂತು, ಗುಳಿಗಿ ಬಿಟ್ಟೆ" ಎನ್ನುವವರು ನಮ್ಮಲ್ಲಿ ಲೆಕ್ಕವಿಲ್ಲದಷ್ಟು. ರಿಪೋರ್ಟ್ ನಾರ್ಮಲ್ ಆದದ್ದು ಗುಳಿಗೆಯಿಂದ. ವೈದ್ಯರನ್ನು ಕೇಳದೆ ಅದನ್ನು ಬಿಡಬಾರದು. ಅಟೋರ್ವಾಸ್ಟಾಟಿನ್ ದೇಶದ ಅಗತ್ಯ ಔಷಧಗಳ ಪಟ್ಟಿಯಲ್ಲಿದೆ, ಜನೌಷಧಿ ಕೇಂದ್ರಗಳಲ್ಲಿ ಕಡಿಮೆ ಬೆಲೆಗೆ ಸಿಗುತ್ತದೆ.

2003ರಲ್ಲಿ ಫ್ರಾನ್ಸಿನ ಕುಟುಂಬಗಳ ಅಧ್ಯಯನದಿಂದ ಇನ್ನೊಂದು ದಾರಿಯ ಸುಳಿವು ಸಿಕ್ಕಿತು. ಪಿಸಿಎಸ್‌ಕೆ-9 ಎಂಬ ಪ್ರೋಟೀನು ಗ್ರಾಹಕಕ್ಕೆ ಅಂಟಿಕೊಂಡು, ಅದು ಮೇಲಕ್ಕೆ ಮರಳದಂತೆ ಒಳಗೇ ನಾಶಕ್ಕೆ ಒಯ್ಯುತ್ತದೆ. ಹುಟ್ಟಿನಿಂದ ಈ ಪ್ರೋಟೀನು ಕಡಿಮೆ ಇರುವ ಅಮೆರಿಕದ ಕಪ್ಪು ಜನಾಂಗದವರ ಎಲ್‌ಡಿಎಲ್ ಶೇ. 28ರಷ್ಟು ಕಡಿಮೆ, ಹೃದಯದ ಕಾಯಿಲೆ ಶೇ. 88ರಷ್ಟು ಕಡಿಮೆ ಎಂದು 2006ರಲ್ಲಿ ಕಂಡುಬಂತು. ಆ ಪ್ರೋಟೀನನ್ನು ತಡೆಯುವ ಚುಚ್ಚುಮದ್ದುಗಳು ಈಗ ಭಾರತದಲ್ಲೂ ಇವೆ, ಬೆಲೆ ಮಾತ್ರ ಸಾಮಾನ್ಯರಿಗೆ ಭಾರ. ಎಲ್‌ಡಿಎಲ್ ಎಷ್ಟು ಬೇಗ, ಎಷ್ಟು ವರ್ಷ ಕಡಿಮೆ ಇರುತ್ತದೋ ರಕ್ತನಾಳಕ್ಕೆ ಅಷ್ಟು ರಕ್ಷಣೆ ಎಂಬುದನ್ನು ಆ ಅಂಕಿಗಳು ಸಾರುತ್ತವೆ.

ರಿಪೋರ್ಟ್ ಓದುವಾಗ ಒಂದು ಎಚ್ಚರ. ಬಹಳ ಲ್ಯಾಬುಗಳಲ್ಲಿ ಎಲ್‌ಡಿಎಲ್ ಅಳೆದದ್ದಲ್ಲ, 1972ರ ಒಂದು ಸೂತ್ರದಿಂದ ಲೆಕ್ಕ ಹಾಕಿದ್ದು: ಒಟ್ಟು ಕೊಲೆಸ್ಟರಾಲಿನಿಂದ ಎಚ್‌ಡಿಎಲ್ ಮತ್ತು ಟ್ರೈಗ್ಲಿಸರೈಡಿನ ಐದನೇ ಒಂದು ಭಾಗ ಕಳೆದದ್ದು. ಟ್ರೈಗ್ಲಿಸರೈಡ್ 400 ದಾಟಿದರೆ ಈ ಲೆಕ್ಕವನ್ನು ನಂಬುವಂತಿಲ್ಲ; ನೇರವಾಗಿ ಅಳೆಸಬೇಕು.

ರಾಯಚೂರಿನಲ್ಲಿ ರಿಮ್ಸ್ ಇದೆ, ಜನ ಒಪೆಕ್ ಎಂದೇ ಕರೆಯುವ ಆಸ್ಪತ್ರೆ ಇದೆ. ಮಾನ್ವಿ, ದೇವದುರ್ಗಗಳಲ್ಲಿ ತಾಲ್ಲೂಕು ಆಸ್ಪತ್ರೆಗಳಿವೆ. ಕಲಬುರಗಿಯಲ್ಲಿ ಜಯದೇವ ಹೃದ್ರೋಗ ಸಂಸ್ಥೆಯ 371 ಹಾಸಿಗೆಗಳ ಹೊಸ ಆಸ್ಪತ್ರೆ 2024ರ ಡಿಸೆಂಬರ್‌ನಲ್ಲಿ ಉದ್ಘಾಟನೆಯಾಯಿತು. ಹೃದಯಾಘಾತವಾದ ಮೇಲೆ ಹೋಗಬೇಕಾದ ಜಾಗಗಳು ಹತ್ತಿರಕ್ಕೆ ಬಂದಿವೆ. ಆಘಾತಕ್ಕೆ ಮೊದಲು ಹೋಗುವ ಅಭ್ಯಾಸ ನಮ್ಮಲ್ಲಿ ಬರಬೇಕು.

ಆಶಾ ಕಾರ್ಯಕರ್ತೆಯರಲ್ಲಿ, ಮನೆಯ ಹಿರಿಯರಲ್ಲಿ ಒಂದು ವಿನಂತಿ. ಹಿಮ್ಮಡಿಯ ಮೇಲಿನ ದಪ್ಪ ಸ್ನಾಯುರಜ್ಜು ಉಬ್ಬಿ ಗಂಟಾಗಿದ್ದರೆ, ಬೆರಳ ಗೆಣ್ಣುಗಳ ಮೇಲೆ ಗಂಟುಗಳಿದ್ದರೆ, ನಲವತ್ತೈದರೊಳಗೇ ಕಣ್ಣಿನ ಕರಿಗುಡ್ಡೆಯ ಸುತ್ತ ಬಿಳಿ ಉಂಗುರ ಕಂಡರೆ ವೈದ್ಯರಿಗೆ ತೋರಿಸಿ. ಮನೆಯಲ್ಲಿ ಗಂಡಸಿಗೆ 55ರೊಳಗೆ, ಹೆಂಗಸಿಗೆ 60ರೊಳಗೆ ಹೃದಯಾಘಾತ ಆಗಿದ್ದರೆ, ಇಲ್ಲವೇ ಯಾರದಾದರೂ ಎಲ್‌ಡಿಎಲ್ 190 ದಾಟಿದ್ದರೆ, ಅವರೊಬ್ಬರ ಪರೀಕ್ಷೆಗೆ ನಿಲ್ಲಿಸಬೇಡಿ. ಅವರ ಅಣ್ಣ, ತಮ್ಮ, ಅಕ್ಕ, ತಂಗಿ, ಮಕ್ಕಳು ಎಲ್ಲರ ರಕ್ತವನ್ನೂ ಒಮ್ಮೆ ಪರೀಕ್ಷೆ ಮಾಡಿಸಿ. ಆ ವ್ಯಕ್ತಿಯಲ್ಲಿ ಜೀನಿನ ದೋಷವಿದ್ದರೆ, ಇವರಲ್ಲಿ ಪ್ರತಿಯೊಬ್ಬರಿಗೂ ಅದೇ ದೋಷ ಬಂದಿರುವ ಸಾಧ್ಯತೆ ಎರಡರಲ್ಲೊಂದು.